ಮದುವೆಯಾಗಿ ಹೋಗುವುದೋ, ಹೋಗಿ ಮದುವೆಯಾಗುವುದೋ?



ನಮ್ಮ ಕಾಸರಗೋಡಿನ ಕಡೆಯ ಚರ್ಚುಗಳಲ್ಲಿ ಮದುವೆಯ ಪ್ರಕಟಣೆ ಓದುವಾಗ ವರನ ಅಥವಾ ವಧುವಿನ ಹೆಸರಿನ ಜೊತೆಗೆ ಪರದೇಶದ ಊರೊಂದರ ಹೆಸರು ಕೇಳಿಬಂದರೆ ಈಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಆ ಪ್ರಕಟಣೆ ಬರುವ ಎಷ್ಟೋ ತಿಂಗಳು ಮೊದಲೇ ಎರಡೂ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗಿರುತ್ತದೆ. ಮದುವೆ ಮುಗಿಸಿ ಗಂಡ ಅಥವಾ ಹೆಂಡತಿಯ ವೀಸಾಕ್ಕೆ ಹಾಕುವುದೋ? ನಿಶ್ಚಿತಾರ್ಥ ಮಾತ್ರ ಮಾಡಿ, ಅಲ್ಲಿಗೆ ಹೋದ ಮೇಲೆ ಮದುವೆಯಾಗುವುದೋ? ಅಥವಾ ಒಬ್ಬರ ಕೆಲಸದ ವೀಸಾದ ನೆರಳಿನಲ್ಲಿ ಇನ್ನೊಬ್ಬರು ಡಿಪೆಂಡೆಂಟ್ ಆಗಿ ಹೋಗುವುದೋ? ಏಜೆಂಟ್ ಒಂದು ಹೇಳುತ್ತಾನೆ, ಅಲ್ಲಿರುವ ಸೋದರತ್ತೆಯ ಮಗ ಇನ್ನೊಂದು ಹೇಳುತ್ತಾನೆ. ತಪ್ಪು ದಾರಿ ಹಿಡಿದರೆ ಹೋಗುವುದು ಹಣ ಮಾತ್ರವಲ್ಲ. ಮದುವೆಯಾದ ಮೊದಲ ಎರಡು ಮೂರು ವರ್ಷ ಇಬ್ಬರೂ ಎರಡು ದೇಶದಲ್ಲಿ ಫೋನು ಹಿಡಿದು ಕುಳಿತಿರಬೇಕಾಗುತ್ತದೆ.

ಈ ಮೂರು ದಾರಿಗಳು ಎಲ್ಲಿಂದ ಬಂದವು, ಒಂದೊಂದು ಬಾಗಿಲಿಗೂ ಯಾಕೆ ಇಷ್ಟು ಬೀಗ ಎಂದು ನಾವು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೂರು ವರ್ಷಕ್ಕೂ ಹಿಂದಿನ ಕಥೆ. ಅದರಲ್ಲಿ ಭಾರತದ ಹೆಂಗಸರ ಪಾಲು ನಾವು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ಪಠ್ಯಪುಸ್ತಕದಲ್ಲಿ ಅಲ್ಲೊಂದು ಸಾಲು ಇಲ್ಲೊಂದು ಸಾಲು ಬಂದು ಹೋಗುತ್ತದೆ, ಅಷ್ಟೆ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬ್ರಿಟಿಷ್ ಸಾಮ್ರಾಜ್ಯದೊಳಗೆ ಓಡಾಡಲು ಸಾಮಾನ್ಯವಾಗಿ ಪಾಸ್‌ಪೋರ್ಟ್ ಬೇಕಿರಲಿಲ್ಲ. ಹಡಗಿನ ಟಿಕೆಟಿಗೆ ಹಣವಿದ್ದರೆ ಸಾಕಾಗುತ್ತಿತ್ತು. ಗಂಡ ಮೊದಲು ಹೋಗಿ ಕೆಲಸ ಹಿಡಿದು, ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವುದು ಮನೆಯ ವಿಚಾರವೇ ಹೊರತು ಸರಕಾರದ ವಿಚಾರವಾಗಿರಲಿಲ್ಲ. ಬಿಳಿಯರು ನೆಲೆಸಿದ ವಸಾಹತುಗಳಲ್ಲಿ ಭಾರತೀಯರ ಸಂಖ್ಯೆ ಹೆಚ್ಚುತ್ತಿದ್ದಂತೆ ಇದು ಬದಲಾಯಿತು. ಅಲ್ಲಿನ ಸರಕಾರಗಳಿಗೆ ಒಂದು ಸಂಗತಿ ಬೇಗ ಹೊಳೆಯಿತು: ಗಂಡಸು ಒಂಟಿಯಾಗಿದ್ದರೆ ದುಡಿದು ಒಂದು ದಿನ ಊರಿಗೆ ಹಿಂತಿರುಗುತ್ತಾನೆ. ಹೆಂಡತಿ ಬಂದರೆ ಮನೆಯಾಗುತ್ತದೆ, ಮಕ್ಕಳಾಗುತ್ತವೆ, ಊರು ಬೆಳೆಯುತ್ತದೆ. ಹಾಗಾಗಿ ಹೆಂಡತಿಯನ್ನು ತಡೆದರೆ ಸಾಕು. ಮುಂದೆ ಬಂದ ಎಷ್ಟೋ ಕಾಯಿದೆಗಳ ಒಳಗಿನ ಲೆಕ್ಕ ಇದೇ.

ದಕ್ಷಿಣ ಆಫ್ರಿಕಾದಲ್ಲಿ ಇದು 1913ರಲ್ಲಿ ಸ್ಫೋಟವಾಯಿತು. ಅಲ್ಲಿ ನೆಲೆಸಿದ್ದ ಹಸನ್ ಈಸೊಪ್ ಎಂಬವರ ಹೆಂಡತಿ ಬಾಯಿ ಮರಿಯಂ ಭಾರತದಿಂದ ಹಡಗಿನಲ್ಲಿ ಬಂದಾಗ ಇಳಿಯಲು ಅನುಮತಿ ಸಿಗಲಿಲ್ಲ. ಪ್ರಕರಣ ಕೇಪ್ ಪ್ರಾಂತ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ತೀರ್ಪು ಕೊಟ್ಟರು. ಒಬ್ಬನಿಗೆ ಹಲವು ಹೆಂಡಂದಿರಿರಬಹುದೆಂದು ಒಪ್ಪುವ ಧರ್ಮದ ವಿಧಿಯಂತೆ ನಡೆದ ಮದುವೆ, ಆ ಗಂಡನಿಗೆ ನಿಜವಾಗಿ ಒಬ್ಬಳೇ ಹೆಂಡತಿಯಿದ್ದರೂ, ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ ಎಂಬುದು ಅದರ ಸಾರ. ಹಿಂದೂ, ಮುಸ್ಲಿಂ, ಪಾರ್ಸಿ ವಿಧಿಗಳಂತೆ ಮದುವೆಯಾದವರೆಲ್ಲ ಒಂದೇ ದಿನದಲ್ಲಿ ಮದುವೆಯಾಗದವರಾದರು. ಅವರ ಮಕ್ಕಳ ಆಸ್ತಿಯ ಹಕ್ಕೂ ಅಲುಗಾಡಿತು.

ಈ ತೀರ್ಪಿನಿಂದ ಕ್ರಿಸ್ತೀಯ ವಿಧಿಯಂತೆ ನಡೆದ ಮದುವೆಗಳಿಗೆ ಯಾವ ತೊಂದರೆಯೂ ಆಗಲಿಲ್ಲ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಒಬ್ಬ ಪಾದ್ರಿಯ ಸಹಿಯಿರುವ ಕಾಗದವಿದ್ದವಳು ಹೆಂಡತಿ, ಪಕ್ಕದ ಮನೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳು ಹೆಂಡತಿಯಲ್ಲ. ಚರ್ಚಿನ ರಿಜಿಸ್ಟರಿನ ಬೆಲೆ ಆಗ ಹೆಚ್ಚಿತು ನಿಜ, ಆದರೆ ಹೆಚ್ಚಿದ ರೀತಿ ಸಂತೋಷಪಡುವಂಥದ್ದಾಗಿರಲಿಲ್ಲ.

ಕಾನೂನಿನ ಪ್ರಕಾರ ಕಸ್ತೂರಬಾ ಕೂಡ ಗಾಂಧೀಜಿಯ ಹೆಂಡತಿಯಲ್ಲ ಎಂದಾಯಿತು. ಅಲ್ಲಿಯವರೆಗೆ ಸತ್ಯಾಗ್ರಹದಲ್ಲಿ ಹೆಂಗಸರು ಜೈಲಿಗೆ ಹೋಗಿರಲಿಲ್ಲ. 1913ರ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹದಿನಾರು ಜನ ಹೊರಟು, ಅನುಮತಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಲು ಹೋಗಿ ಬಂಧನಕ್ಕೊಳಗಾದರು. ಅವರಲ್ಲಿ ಕಸ್ತೂರಬಾ ಸೇರಿ ನಾಲ್ವರು ಹೆಂಗಸರು. ಮೂರು ತಿಂಗಳ ಕಠಿಣ ಸಜೆಯಾಯಿತು. ತಮಿಳು ಹೆಂಗಸರು ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿಗಳಿಗೆ ಹೋಗಿ ಕಾರ್ಮಿಕರನ್ನು ಮುಷ್ಕರಕ್ಕೆ ಕರೆದರು. ನವೆಂಬರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಗಡಿಯತ್ತ ನಡೆದರು. ಹದಿನಾರರ ಹುಡುಗಿ ವಳ್ಳಿಯಮ್ಮ ಜೈಲಿನಲ್ಲಿ ಜ್ವರ ಹಿಡಿದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಈ ಹೋರಾಟದ ಹೆಸರು ಹೇಳಿದಾಗ ಎಲ್ಲರಿಗೂ ಮೂರು ಪೌಂಡಿನ ತಲೆಗಂದಾಯ ನೆನಪಾಗುತ್ತದೆ. ಮದುವೆಯ ಮಾನ್ಯತೆಯೂ ಅಷ್ಟೇ ಮುಖ್ಯ ಬೇಡಿಕೆಯಾಗಿತ್ತು. ಆಂಗ್ಲಿಕನ್ ಪಾದ್ರಿ ಸಿ. ಎಫ್. ಆಂಡ್ರೂಸ್ 1914ರ ಜನವರಿಯಲ್ಲಿ ಅಲ್ಲಿಗೆ ಬಂದು ಗಾಂಧೀಜಿ ಮತ್ತು ಸ್ಮಟ್ಸ್ ನಡುವಿನ ಮಾತುಕತೆಗೆ ನೆರವಾದರು. ಆ ವರ್ಷವೇ ಬಂದ ಇಂಡಿಯನ್ ರಿಲೀಫ್ ಕಾಯಿದೆ ತಲೆಗಂದಾಯ ತೆಗೆದುಹಾಕಿತು, ಭಾರತೀಯ ವಿಧಿಯಂತೆ ಮದುವೆಯಾದ ಒಬ್ಬ ಹೆಂಡತಿಯನ್ನೂ ಅವಳ ಚಿಕ್ಕ ಮಕ್ಕಳನ್ನೂ ಒಪ್ಪಿಕೊಂಡಿತು.

ಕೆನಡಾ ಇದೇ ಕೆಲಸವನ್ನು ಇನ್ನಷ್ಟು ನಯವಾಗಿ ಮಾಡಿತ್ತು. 1908ರ ಜನವರಿಯಲ್ಲಿ ಅಲ್ಲೊಂದು ಆದೇಶ ಬಂತು. ವಲಸಿಗರು ತಮ್ಮ ಸ್ವಂತ ದೇಶದಿಂದ ಎಲ್ಲಿಯೂ ಬದಲಾಯಿಸದೆ ಒಂದೇ ಪ್ರಯಾಣದಲ್ಲಿ, ಮೊದಲೇ ಕೊಂಡ ಟಿಕೆಟಿನಲ್ಲಿ ಬಂದಿರಬೇಕು. ಓದಲು ಎಷ್ಟು ಸಾಧು ನಿಯಮ! ಅದರಲ್ಲಿ ಭಾರತದ ಹೆಸರೇ ಇಲ್ಲ. ಆದರೆ ಭಾರತದಿಂದ ಕೆನಡಾಕ್ಕೆ ನೇರ ಹಡಗಿನ ಟಿಕೆಟು ಸಿಗುವ ವ್ಯವಸ್ಥೆಯೇ ಉಳಿಯಲಿಲ್ಲ. ಜೊತೆಗೆ ಏಷ್ಯದವರ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು ಬೇರೆ. ಅಲ್ಲಿ ಆಗಲೇ ಗರಗಸದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಪಂಜಾಬಿ ಗಂಡಸರ ಹೆಂಡಂದಿರು ಊರಿನಲ್ಲೇ ಉಳಿದರು. ವ್ಯಾಂಕೂವರಿನ ಗುರುದ್ವಾರದ ಮುಖಂಡರಾದ ಭಾಗ್ ಸಿಂಗ್ ಮತ್ತು ಬಲವಂತ ಸಿಂಗ್ ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು 1912ರ ಜನವರಿಯಲ್ಲಿ ವ್ಯಾಂಕೂವರ್ ತಲುಪಿದರು. ಗಂಡಸರು ಒಳಗೆ ಬರಬಹುದು, ಹೆಂಗಸರು ಮಕ್ಕಳು ವಾಪಸು ಎಂದರು ಅಧಿಕಾರಿಗಳು. ತಿಂಗಳುಗಟ್ಟಲೆ ಗಲಾಟೆಯಾದ ಮೇಲೆ ದಯೆಯ ಮೇರೆಗೆ ಉಳಿಯಲು ಬಿಟ್ಟರು, ಆದರೆ ಇದನ್ನು ಇನ್ನೊಬ್ಬರು ಉದಾಹರಣೆಯಾಗಿ ತೋರಿಸುವಂತಿಲ್ಲ ಎಂದೂ ಸೇರಿಸಿದರು. ಎರಡು ವರ್ಷದ ನಂತರ, 1914ರಲ್ಲಿ, ಕೊಮಾಗಾಟ ಮಾರು ಹಡಗು ಇದೇ ನಿಯಮಕ್ಕೆ ಸಿಕ್ಕಿ ವಾಪಸಾದ ಕಥೆ ನಿಮಗೆ ಗೊತ್ತಿರಬಹುದು.

ಆಮೇಲೆ ಮೊದಲ ಮಹಾಯುದ್ಧ ಬಂತು, ಸಾಮ್ರಾಜ್ಯಕ್ಕೆ ಭಾರತದ ಸೈನಿಕರು ಬೇಕಾದರು. 1918ರಲ್ಲಿ ಲಂಡನ್ನಿನಲ್ಲಿ ನಡೆದ ಸಾಮ್ರಾಜ್ಯದ ಯುದ್ಧ ಸಮ್ಮೇಳನದಲ್ಲಿ ಭಾರತದ ಪರವಾಗಿ ಕುಳಿತವರಲ್ಲಿ ಎಸ್. ಪಿ. ಸಿನ್ಹಾ ಒಬ್ಬರು. ಅಲ್ಲಿ ಒಪ್ಪಿದ ನಿರ್ಣಯ ಹೀಗಿತ್ತು: ಬೇರೆ ಡೊಮಿನಿಯನ್ನುಗಳಲ್ಲಿ ಆಗಲೇ ಶಾಶ್ವತವಾಗಿ ನೆಲೆಸಿರುವ ಭಾರತೀಯರು ಹೆಂಡತಿ ಮತ್ತು ಚಿಕ್ಕ ಮಕ್ಕಳನ್ನು ಕರೆಸಿಕೊಳ್ಳಬಹುದು. ಆದರೆ ಒಬ್ಬನಿಗೆ ಒಬ್ಬಳೇ ಹೆಂಡತಿ. ಅವಳು ಅವನ ಕಾನೂನುಬದ್ಧ ಹೆಂಡತಿಯೇ ಹೌದು ಎಂದು ಭಾರತ ಸರಕಾರ ಸರ್ಟಿಫಿಕೇಟು ಕೊಡಬೇಕು. ಇವತ್ತು ನಾವು ಊರಿನ ಕಚೇರಿಯಿಂದ ತಿರುವನಂತಪುರಕ್ಕೆ, ಅಲ್ಲಿಂದ ದಿಲ್ಲಿಗೆ ಎಂದು ಮದುವೆಯ ಕಾಗದಕ್ಕೆ ಮೊಹರಿನ ಮೇಲೆ ಮೊಹರು ಒತ್ತಿಸಿಕೊಂಡು ಬರುತ್ತೇವಲ್ಲ, ಅದರ ಅಜ್ಜ ಈ ಸರ್ಟಿಫಿಕೇಟು ಎಂದು ನಾವು ತಿಳಿಯುತ್ತೇವೆ.

ಅಮೆರಿಕದಲ್ಲಿ ಬಾಗಿಲು ಪೂರ್ತಿ ಮುಚ್ಚಿತು. 1917ರ ಕಾಯಿದೆ ಭಾರತವೂ ಸೇರಿ ಏಷ್ಯದ ದೊಡ್ಡ ಭಾಗದಿಂದ ವಲಸೆಯನ್ನೇ ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿಗಳು ಊರಿನಿಂದ ಹೆಂಡತಿಯನ್ನು ತರುವಂತಿಲ್ಲ, ಅಲ್ಲಿನ ಕಾನೂನಿನಿಂದಾಗಿ ಬಿಳಿಯರನ್ನು ಮದುವೆಯಾಗುವಂತೆಯೂ ಇಲ್ಲ. ನೂರಾರು ಜನ ಮೆಕ್ಸಿಕೊ ಮೂಲದ ಹೆಂಗಸರನ್ನು ಮದುವೆಯಾದರು. ಮನೆಯಲ್ಲಿ ಅಪ್ಪ ಸಿಖ್ಖ, ಅಮ್ಮ ಕಥೋಲಿಕಳು. ಮಕ್ಕಳಲ್ಲಿ ಹೆಚ್ಚಿನವರು ಸ್ಪ್ಯಾನಿಶ್ ಹೆಸರಿನ ಮುಂದೆ ಸಿಂಗ್ ಸೇರಿಸಿಕೊಂಡು ಕಥೋಲಿಕರಾಗಿ ಬೆಳೆದರು. ಒಂದು ವಲಸೆ ಕಾಯಿದೆ ಹೀಗೊಂದು ಹೊಸ ಸಮುದಾಯವನ್ನೇ ಹುಟ್ಟಿಸಿತು. 1946ರಲ್ಲಿ ಬಾಗಿಲು ಚೂರು ತೆರೆದಾಗಲೂ ಭಾರತೀಯರ ಪಾಲಿಗೆ ಬಂದದ್ದು ವರ್ಷಕ್ಕೆ ನೂರು ಜಾಗ.

ನಿಶ್ಚಿತಾರ್ಥದ ವೀಸಾ ಹುಟ್ಟಿದ್ದೂ ಆ ಹೊತ್ತಿನಲ್ಲೇ. ಎರಡನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಅಮೆರಿಕನ್ ಸೈನಿಕರು ಪರದೇಶಗಳಲ್ಲಿದ್ದರು. ಮದುವೆಯಾಗಿದ್ದವರ ಹೆಂಡಂದಿರಿಗಾಗಿ 1945ರ ಡಿಸೆಂಬರಿನಲ್ಲಿ ಯುದ್ಧವಧುಗಳ ಕಾಯಿದೆ ಬಂತು. ಮಾತು ಕೊಟ್ಟು ಮದುವೆಯಾಗದೆ ಊರಿಗೆ ಮರಳಿದವರ ಹುಡುಗಿಯರಿಗಾಗಿ 1946ರಲ್ಲಿ ಇನ್ನೊಂದು ಕಾಯಿದೆ. ಹುಡುಗಿ ಮೂರು ತಿಂಗಳಿಗೆ ಬರಬಹುದು, ಅಷ್ಟರೊಳಗೆ ಮದುವೆಯಾಗಬೇಕು, ಇಲ್ಲದಿದ್ದರೆ ವಾಪಸು. ಅದು ತಾತ್ಕಾಲಿಕ ಕಾಯಿದೆ, ಸೈನಿಕರಿಗೆ ಮಾತ್ರ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1970ರಲ್ಲಿ, ಅದೇ ಕಲ್ಪನೆಯನ್ನು ಎಲ್ಲ ನಾಗರಿಕರಿಗೂ ವಿಸ್ತರಿಸಿ ಕೆ-1 ಎಂಬ ವೀಸಾ ಮಾಡಿದರು. 90 ದಿನದ ಗಡುವು ಇವತ್ತಿಗೂ ಇದೆ. ಸೈನಿಕನ ರಜೆಯ ಲೆಕ್ಕಕ್ಕೆ ಹೊಂದಿಸಿದಂತಿರುವ ಮೂರು ತಿಂಗಳು ಈಗ ಮಂಗಳೂರಿನ ಸಾಫ್ಟ್‌ವೇರ್ ಹುಡುಗಿಯ ಮದುವೆಯ ದಿನವನ್ನು ನಿರ್ಧರಿಸುತ್ತದೆ.

1986ರಲ್ಲಿ ಅಮೆರಿಕ ಸುಳ್ಳು ಮದುವೆಗಳ ವಿರುದ್ಧ ಕಾಯಿದೆ ತಂದಿತು. ಕೆ-1ಕ್ಕೆ ಹಾಕುವವರು ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು. ಹೊಸದಾಗಿ ಮದುವೆಯಾಗಿ ಬಂದವರಿಗೆ ಮೊದಲ ಎರಡು ವರ್ಷ ಷರತ್ತಿನ ಗ್ರೀನ್ ಕಾರ್ಡು, ಆಮೇಲೆ ಇಬ್ಬರೂ ಸೇರಿ ಅರ್ಜಿ ಹಾಕಿದರೆ ಷರತ್ತು ತೆಗೆಯುವುದು. ಇದರ ಇನ್ನೊಂದು ಮುಖ ಬೇಗನೆ ಕಾಣಿಸಿತು. ಹೊಡೆಯುವ ಗಂಡನಿದ್ದರೆ ಹೆಂಡತಿ ಆ ಎರಡು ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಗುತ್ತಿತ್ತು, ಯಾಕೆಂದರೆ ಅವಳ ಕಾಗದ ಅವನ ಸಹಿಯಲ್ಲಿತ್ತು. 1994ರ ಕಾಯಿದೆಯೊಂದು ಅಂಥವರು ಗಂಡನ ಸಹಿಯಿಲ್ಲದೆ ತಾವೇ ಅರ್ಜಿ ಹಾಕಬಹುದೆಂದು ದಾರಿ ಮಾಡಿತು. ಹುಡುಗಿಯನ್ನು ಕಳುಹಿಸುವ ಮನೆಯವರು ಬೇರೆ ಏನು ಮರೆತರೂ ಈ ಸಂಗತಿಯನ್ನು ಅವಳ ಕಿವಿಗೆ ಹಾಕಿ ಕಳುಹಿಸಲಿ.

ಇನ್ನು ಇಂಗ್ಲೆಂಡು. ದಾರಿ ಆರಿಸಿಕೊಳ್ಳುವುದು ಎಂಬ ಮಾತಿಗೆ ಎಷ್ಟು ಬೆಲೆ ತೆರಬೇಕಾಗಬಹುದು ಎಂಬುದಕ್ಕೆ ನಾವು ಓದಿದ್ದರಲ್ಲಿ ಇದಕ್ಕಿಂತ ಕಹಿಯಾದ ಉದಾಹರಣೆ ಸಿಗಲಿಲ್ಲ.

1962ರವರೆಗೆ ಕಾಮನ್‌ವೆಲ್ತ್ ದೇಶಗಳವರು ಬ್ರಿಟನ್ನಿಗೆ ಹೆಚ್ಚಿನ ತಡೆಯಿಲ್ಲದೆ ಹೋಗಿ ನೆಲೆಸಬಹುದಾಗಿತ್ತು. ಆ ವರ್ಷದ ಕಾಯಿದೆ ಕೆಲಸಕ್ಕೆ ಹೋಗುವವರನ್ನು ತಡೆಯಿತು. ಹೆಂಡತಿ ಮಕ್ಕಳು ಬರಬಹುದಾಗಿತ್ತು, ಆದರೆ 1969ರಿಂದ ಅವರು ಹೊರಡುವ ಮೊದಲೇ ತಮ್ಮ ದೇಶದಲ್ಲಿರುವ ಬ್ರಿಟಿಷ್ ಕಚೇರಿಯಿಂದ ಪ್ರವೇಶದ ಸರ್ಟಿಫಿಕೇಟು ತರಬೇಕಾಯಿತು. ದಿಲ್ಲಿ, ಇಸ್ಲಾಮಾಬಾದ್, ಢಾಕಾದಲ್ಲಿ ಸಾಲು ಬೆಳೆಯಿತು. ಸಂದರ್ಶನಕ್ಕೇ ತಿಂಗಳು, ವರ್ಷ. ನಿಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ, ಮದುವೆಯ ದಿನ ಯಾರು ಯಾರು ಬಂದಿದ್ದರು ಎಂದು ಗಂಡ ಹೆಂಡತಿಯನ್ನು ಬೇರೆ ಬೇರೆ ಕೇಳಿ, ಉತ್ತರ ಒಂದಕ್ಕೊಂದು ಕೂಡದಿದ್ದರೆ ಸುಳ್ಳುಗಾರರೆಂದು ಬರೆಯುವ ಕ್ರಮ. ಮಕ್ಕಳ ವಯಸ್ಸು ನಂಬದೆ ಮೂಳೆಯ ಎಕ್ಸ್‌ರೇ ತೆಗೆಸಿದ್ದೂ ಉಂಟು.

ಆದರೆ ಒಂದು ಸಣ್ಣ ಬಾಗಿಲು ತೆರೆದಿತ್ತು. ಮೂರು ತಿಂಗಳೊಳಗೆ ಮದುವೆಯಾಗಲು ಬರುವ ನಿಶ್ಚಿತ ವಧುವಿಗೆ ಮೊದಲೇ ವೀಸಾ ತರುವ ಕಡ್ಡಾಯವಿರಲಿಲ್ಲ. ನೇರವಾಗಿ ವಿಮಾನ ಹತ್ತಿ ಬರಬಹುದಾಗಿತ್ತು. ಮದುವೆಯಾದವಳು ವರ್ಷ ಕಾಯಬೇಕು, ಮದುವೆಯಾಗಲಿರುವವಳು ನಾಳೆಯೇ ಹೋಗಬಹುದು. ಯಾರಾದರೂ ಎರಡನೆಯ ದಾರಿಯನ್ನೇ ನೋಡುತ್ತಾರೆ. ವಲಸೆ ಅಧಿಕಾರಿಗಳೂ ಹಾಗೆಯೇ ಯೋಚಿಸಿದರು: ಈಕೆ ಆಗಲೇ ಮದುವೆಯಾಗಿ, ಸಾಲಿನಿಂದ ತಪ್ಪಿಸಿಕೊಳ್ಳಲು ಮದುವೆಯಾಗಿಲ್ಲ ಎನ್ನುತ್ತಿರಬಹುದೇ?

1979ರ ಜನವರಿ 24ರಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಭಾರತದಿಂದ ಬಂದ 35 ವರ್ಷದ ಶಿಕ್ಷಕಿಯೊಬ್ಬರು ಇಳಿದರು. ಮದುವೆಯಾಗಲು ಬಂದವರು. ಅಧಿಕಾರಿಗೆ ಸಂಶಯ ಬಂತು. ಆಕೆ ಮದುವೆಯಾಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು ಗಂಡಸು ವೈದ್ಯನಿಂದ ಆಕೆಯ ಕನ್ಯತ್ವ ಪರೀಕ್ಷೆ ಮಾಡಿಸಲಾಯಿತು. ಆ ಪರೀಕ್ಷೆಗೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ ಎಂಬುದು ಬೇರೆ ಮಾತು. ವಾಪಸು ಕಳುಹಿಸುತ್ತಾರೆ ಎಂಬ ಹೆದರಿಕೆಯಿಂದ ಆಕೆ ಒಪ್ಪಿಕೊಂಡಿದ್ದರು. ಫೆಬ್ರವರಿ 1ರಂದು ಗಾರ್ಡಿಯನ್ ಪತ್ರಿಕೆ ಸುದ್ದಿಯನ್ನು ಹೊರಗೆ ಹಾಕಿತು. ಬ್ರಿಟನ್ನಿನಲ್ಲಿ ಏಷ್ಯನ್ ಹೆಂಗಸರ ಸಂಘಟನೆಗಳು ಬೀದಿಗಿಳಿದವು, ಭಾರತದಲ್ಲಿ ಮೊರಾರ್ಜಿ ದೇಸಾಯಿ ಸರಕಾರ ಪ್ರತಿಭಟಿಸಿತು. ಬ್ರಿಟನ್ ಆ ತಿಂಗಳಲ್ಲೇ ಪದ್ಧತಿಯನ್ನು ನಿಲ್ಲಿಸಿತು. ಇದು ಎಲ್ಲೋ ಒಂದೆರಡು ಸಲ ನಡೆದದ್ದು ಎಂದು ಆಗ ಹೇಳಲಾಗಿತ್ತು. ಮಾರ್ಮೊ ಮತ್ತು ಸ್ಮಿತ್ ಎಂಬ ಇಬ್ಬರು ಸಂಶೋಧಕರು ಆಸ್ಟ್ರೇಲಿಯಾದಲ್ಲಿ ಕುಳಿತು ಬ್ರಿಟನ್ನಿನ ಸರಕಾರಿ ಕಡತಗಳನ್ನು ಅಗೆದಾಗ, 2011ರಲ್ಲಿ ಬೇರೆಯೇ ಲೆಕ್ಕ ಹೊರಬಂತು. 1970ರ ದಶಕದಲ್ಲಿ ಕನಿಷ್ಠ 80 ಹೆಂಗಸರಿಗೆ ಹೀಗೆ ಮಾಡಿದ್ದರು, ಹೆಚ್ಚಿನವು ಭಾರತದಲ್ಲೇ ಇದ್ದ ಬ್ರಿಟಿಷ್ ಕಚೇರಿಗಳಲ್ಲಿ.

ಆ ಹೆಂಗಸರಲ್ಲಿ ಎಷ್ಟು ಮಂದಿ ಇದನ್ನು ಯಾರಿಗೂ ಹೇಳದೆ ಸಂಸಾರ ನಡೆಸಿರಬಹುದು ಎಂದು ನಾವು ಯೋಚಿಸದೆ ಇರಲಾಗಲಿಲ್ಲ. ಅವರು ಕಾನೂನು ಮುರಿದವರಲ್ಲ. ಇದ್ದ ಎರಡು ದಾರಿಗಳಲ್ಲಿ ಬೇಗ ತಲುಪಿಸುವುದನ್ನು ಹಿಡಿದವರು.

ಹೆಂಗಸರ ಕಥೆ ಹೀಗಾದರೆ ಗಂಡಸರದು ಇನ್ನೊಂದು. ಬ್ರಿಟನ್ನಿನಲ್ಲಿ ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸಬಹುದಿತ್ತು, ಹೆಂಗಸು ಗಂಡನನ್ನು ಕರೆಸುವುದು ಬಹಳ ಕಷ್ಟವಿತ್ತು. 1980ರ ನಿಯಮವೊಂದು, ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲ ಎಂದು ಗಂಡನೇ ಸಾಬೀತು ಮಾಡಬೇಕು ಎಂದಿತು. ಮನಸ್ಸಿನಲ್ಲಿ ಇಲ್ಲದ್ದನ್ನು ಇಲ್ಲ ಎಂದು ಸಾಬೀತು ಮಾಡುವುದು ಹೇಗೆ? ಮನೆಯವರು ನೋಡಿ ಮಾಡಿದ ಮದುವೆಗಳೇ ಇದಕ್ಕೆ ಹೆಚ್ಚು ಬಲಿಯಾದವು. ಮಲಾವಿ, ಫಿಲಿಪ್ಪೀನ್ಸ್ ಮತ್ತು ಈಜಿಪ್ಟಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿದ್ದ ಮೂವರು ಹೆಂಗಸರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1985ರ ಮೇ 28ರಂದು ಅವರು ಗೆದ್ದರು, ಗಂಡು ಹೆಣ್ಣಿನ ನಡುವೆ ಭೇದ ಮಾಡಿದ್ದು ತಪ್ಪು ಎಂದಾಯಿತು. ಬ್ರಿಟನ್ ಸರಕಾರ ಅದಕ್ಕೆ ಹುಡುಕಿದ ಪರಿಹಾರ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಗಂಡಂದಿರ ಮೇಲಿನ ಬಿಗಿ ಸಡಿಲಿಸುವ ಬದಲು ಅದೇ ಬಿಗಿಯನ್ನು ಹೆಂಡಂದಿರ ಮೇಲೂ ಹಾಕಿ ಸಮಾನತೆ ತಂದರು! ಆ ನಿಯಮ ಹೋದದ್ದು 1997ರ ಜೂನ್‌ನಲ್ಲಿ, ಹೊಸ ಸರಕಾರ ಬಂದ ಮೇಲೆ.

ಅಲ್ಲಿಂದ ಮುಂದೆ ಅಧಿಕಾರಿಗಳು ಮನಸ್ಸನ್ನು ಕೆದಕುವುದು ಕಡಿಮೆ ಮಾಡಿ ಸಂಬಳದ ಚೀಟಿ ನೋಡತೊಡಗಿದರು. 2012ರಲ್ಲಿ, ಸಂಗಾತಿಯನ್ನು ಕರೆಸುವವರಿಗೆ ವರ್ಷಕ್ಕೆ 18,600 ಪೌಂಡ್ ಆದಾಯವಿರಬೇಕು ಎಂದಾಯಿತು. 2024ರ ಏಪ್ರಿಲ್‌ನಲ್ಲಿ ಅದು 29,000ಕ್ಕೆ ಏರಿತು. ಜರ್ಮನಿ 2007ರಿಂದ ಭಾಷೆಯನ್ನು ಕೇಳುತ್ತಿದೆ. ಗಂಡ ಅಥವಾ ಹೆಂಡತಿ ಹೊರಡುವ ಮೊದಲೇ ಆರಂಭಿಕ ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಬೇಕು, ಕೆಲವು ವರ್ಗದ ಕೆಲಸದವರ ಸಂಗಾತಿಗಳಿಗೆ ಮಾತ್ರ ವಿನಾಯಿತಿ. ಕೆನಡಾ 2002ರ ಕಾಯಿದೆಯಲ್ಲಿ ನಿಶ್ಚಿತಾರ್ಥದ ದಾರಿಯನ್ನೇ ತೆಗೆದುಹಾಕಿತು. ಆದ್ದರಿಂದ ಕೆನಡಾದಲ್ಲಿರುವ ಹುಡುಗನ ಮನೆಯವರು "ಮೊದಲು ಬರಲಿ, ಆಮೇಲೆ ನೋಡೋಣ" ಎಂದರೆ ಯಾವ ವೀಸಾದಲ್ಲಿ ಎಂದು ಕೇಳಬೇಕು.

ನಮ್ಮ ಜಿಲ್ಲೆಯ ಮಟ್ಟಿಗೆ ಹೆಚ್ಚು ಮನೆಗಳನ್ನು ಮುಟ್ಟಿದ್ದು ಕೊಲ್ಲಿ ದೇಶಗಳು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಅಲ್ಲಿಗೆ ಹೋದ ತಲೆಮಾರಿನಲ್ಲಿ ಹೆಚ್ಚಿನವರಿಗೆ ಹೆಂಡತಿಯನ್ನು ಕರೆಸುವ ಪ್ರಶ್ನೆಯೇ ಏಳಲಿಲ್ಲ. ಕಫಾಲಾ ಪದ್ಧತಿಯಲ್ಲಿ ಕೆಲಸಗಾರನ ಇರವು ಮಾಲೀಕನ ಪ್ರಾಯೋಜನೆಗೆ ಕಟ್ಟಿದ್ದು, ಫ್ಯಾಮಿಲಿ ವೀಸಾ ಸಂಬಳಕ್ಕೂ ಹುದ್ದೆಗೂ ಕಟ್ಟಿದ್ದು. ಮೇಸ್ತ್ರಿಗೆ, ಡ್ರೈವರಿಗೆ, ಅಂಗಡಿಯ ಹುಡುಗನಿಗೆ ಸಿಗುವಂಥದ್ದಲ್ಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ರಜೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಒಟ್ಟಿಗೆ ಕಳೆದದ್ದನ್ನು ಕೂಡಿಸಿದರೆ ಮೂರು ವರ್ಷವೂ ಆಗದ ಅಜ್ಜಿಯರು ನಮ್ಮ ವಾಳೆಗಳಲ್ಲಿ ಈಗಲೂ ಇದ್ದಾರೆ. ಅವರನ್ನು ಮಾತನಾಡಿಸಿ ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ಯುವಜನರೇ ಮಾಡಬೇಕು, ಬೇರೆ ಯಾರೂ ಬಂದು ಮಾಡುವುದಿಲ್ಲ. ಯುಎಇ 2019ರಲ್ಲಿ ಹುದ್ದೆಯ ಷರತ್ತನ್ನು ತೆಗೆದು ಆದಾಯವೊಂದನ್ನೇ ನೋಡುವುದಾಗಿ ಹೇಳಿತು: 4,000 ದಿರ್ಹಂ, ಅಥವಾ ವಸತಿಯ ಜೊತೆ 3,000. ಕುವೈತ್ 2022ರಲ್ಲಿ ಫ್ಯಾಮಿಲಿ ವೀಸಾವನ್ನು ನಿಲ್ಲಿಸಿ, 2024ರ ಜನವರಿಯಲ್ಲಿ ಮತ್ತೆ ತೆರೆದಾಗ ಕೇಳಿದ್ದು 800 ದಿನಾರ್ ಸಂಬಳ. ಒಂದೇ ಕಡಲು, ಒಂದೇ ಕೆಲಸ, ಆದರೆ ಹೆಂಡತಿ ಜೊತೆಗಿರುವುದೋ ಇಲ್ಲವೋ ಎಂಬುದನ್ನು ಹೇಳುವ ಸಂಖ್ಯೆ ಎಷ್ಟು ಬೇರೆ ನೋಡಿ.

ಮೂರನೆಯದು ಡಿಪೆಂಡೆಂಟ್ ದಾರಿ. ಈಗಿನ ನಮ್ಮ ನರ್ಸಿಂಗ್ ಮತ್ತು ಐಟಿ ಮಕ್ಕಳಲ್ಲಿ ಹೆಚ್ಚಿನವರು ಹಿಡಿಯುವುದು ಇದನ್ನೇ. ಬೇಗ ಸಿಗುತ್ತದೆ. ಆದರೆ ನೆನಪಿರಲಿ, ಸರಕಾರ ಬಹಳ ಸುಲಭವಾಗಿ ಕತ್ತರಿಸುವ ಕೊಂಬೆಯೂ ಇದೇ. ಅಮೆರಿಕದಲ್ಲಿ ಎಚ್-1ಬಿ ಕೆಲಸಗಾರರ ಸಂಗಾತಿಗಳು ಎಚ್-4 ವೀಸಾದಲ್ಲಿ ಹೋಗುತ್ತಾರೆ. 2015ರ ಮೇ ತಿಂಗಳವರೆಗೆ ಅವರಿಗೆ ದುಡಿಯುವ ಅನುಮತಿಯೇ ಇರಲಿಲ್ಲ. ಇಂಜಿನಿಯರಿಂಗ್, ದಂತವೈದ್ಯ ಓದಿದ ಹುಡುಗಿಯರು ವರ್ಷಗಟ್ಟಲೆ ಮನೆಯಲ್ಲಿ ಕುಳಿತರು. ಈಗಲೂ ಅನುಮತಿ ಇರುವುದು ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ. ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡು ಇಲ್ಲ ಎಂಬ ಮಿತಿಯಿಂದಾಗಿ ಆ ಸಾಲು ಭಾರತೀಯರಿಗೆ ಎಲ್ಲರಿಗಿಂತ ಉದ್ದ. ಹುಡುಗ ಅಮೆರಿಕದ ನಾಗರಿಕನಾಗಿದ್ದರೆ ಹೆಂಡತಿಗೆ ಈ ಮಿತಿ ತಗಲುವುದಿಲ್ಲ. ಸಂಬಂಧ ಬಂದಾಗ ಹುಡುಗ "ಅಮೆರಿಕದಲ್ಲಿದ್ದಾನೆ" ಎಂಬ ಒಂದೇ ಮಾತಿನ ಒಳಗೆ ಇಷ್ಟೊಂದು ವ್ಯತ್ಯಾಸ ಅಡಗಿರುತ್ತದೆ.

ಬ್ರಿಟನ್ನಿನ ಈಚಿನ ಕಥೆ ಇನ್ನೂ ಹಸಿ. 2024ರ ಜನವರಿಯಿಂದ, ಸಂಶೋಧನೆಯ ಕೋರ್ಸುಗಳನ್ನು ಬಿಟ್ಟರೆ, ಹೆಚ್ಚಿನ ವಿದ್ಯಾರ್ಥಿಗಳು ಸಂಗಾತಿಯನ್ನು ಕರೆದೊಯ್ಯುವಂತಿಲ್ಲ. ಆ ಮಾರ್ಚಿನಿಂದ ಹೊಸದಾಗಿ ಹೋಗುವ ಕೇರ್ ವರ್ಕರುಗಳಿಗೂ ಹಾಗೆಯೇ. 2025ರ ಜುಲೈಯಲ್ಲಿ ಪರದೇಶದಿಂದ ಹೊಸ ಕೇರ್ ವರ್ಕರುಗಳನ್ನು ಕರೆಸುವುದನ್ನೇ ನಿಲ್ಲಿಸಿದರು. ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳಲು ಇವರ ಕೈ ಬೇಕಿತ್ತು, ಇವರ ಸಂಸಾರ ಬೇಕಿರಲಿಲ್ಲ. 1908ರ ವ್ಯಾಂಕೂವರ್ ಮಿಲ್ಲುಗಳ ಲೆಕ್ಕಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಕಾಣದಂತೆ ಇರಲು ನಮಗಾಗುವುದಿಲ್ಲ. ಗಡಿ ಕಾಯುವುದು ಆಯಾ ದೇಶದ ಹಕ್ಕು ಎನ್ನುವವರಿದ್ದಾರೆ, ಇರಲಿ. ಆದರೆ ದುಡಿಮೆಯನ್ನು ಕರೆದು ದಾಂಪತ್ಯವನ್ನು ಹೊರಗೆ ನಿಲ್ಲಿಸುವುದು ಬೇರೆಯೇ ವಿಚಾರ.

ಇನ್ನು ನಮ್ಮ ಊರಿನ ಕಾಗದಪತ್ರಗಳ ವಿಷಯ, ಯಾಕೆಂದರೆ ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಲಂಡನ್ನಿನಲ್ಲಿ ಅಲ್ಲ, ಇಲ್ಲಿಯೇ. ನಮ್ಮದು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ, ಆಮೇಲೆ ಕೇರಳ. ಒಂದೇ ಮನೆಯ ದಾಖಲೆಗಳನ್ನು ಮೇಜಿನ ಮೇಲೆ ಹರಡಿದರೆ ಹಳೆಯ ಚರ್ಚಿನ ರಿಜಿಸ್ಟರಿನಲ್ಲಿ ಲ್ಯಾಟಿನ್ ರೂಪದ ಹೆಸರು, ಕನ್ನಡ ಮಾಧ್ಯಮದ ಶಾಲೆಯ ದಾಖಲೆಯಲ್ಲಿ ಕನ್ನಡ, ಪಂಚಾಯತಿನದರಲ್ಲಿ ಮಲಯಾಳ, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಸಿಗಬಹುದು. ಡಿಸೋಜ ಎಂಬ ಒಂದೇ ಮನೆತನದ ಹೆಸರಿಗೆ ಮೂರು ಸ್ಪೆಲ್ಲಿಂಗು. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಲ್ಲಿ ಮೇಲೆ ಬರೆಯುವ ಅಲ್ಪವಿರಾಮ ಬರುವುದೇ ಇಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಸಂಗತಿ ದೂರದ ಗುಮಾಸ್ತನಿಗೆ ಇಬ್ಬರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತದೆ.

ಚರ್ಚಿನಲ್ಲಿ ಆದ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಬಲವಿದೆ, ನಿಜ. ಆದರೆ ಎಲ್ಲ ಧರ್ಮದವರೂ ಮದುವೆಯನ್ನು ನೋಂದಾಯಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ ಮೇಲೆ ಕೇರಳ 2008ರಲ್ಲಿ ಎಲ್ಲರಿಗೂ ಸಾಮಾನ್ಯವಾದ ನಿಯಮ ಮಾಡಿತು. ಪಂಚಾಯತು ಅಥವಾ ನಗರಸಭೆಯಲ್ಲಿ 45 ದಿನದೊಳಗೆ ನೋಂದಣಿ. ಚರ್ಚಿನ ಸರ್ಟಿಫಿಕೇಟು ಅದಕ್ಕೆ ಆಧಾರ, ಆದರೆ ವೀಸಾ ಕಚೇರಿಗಳು ಸಾಮಾನ್ಯವಾಗಿ ಕೇಳುವುದು ಪಂಚಾಯತಿನದನ್ನು. ಭಾರತ 2005ರಲ್ಲಿ ಹೇಗ್ ಒಪ್ಪಂದಕ್ಕೆ ಸೇರಿದ್ದರಿಂದ ಆ ಒಪ್ಪಂದದ ದೇಶಗಳಿಗೆ ಹೋಗುವ ಕಾಗದಕ್ಕೆ ಅಪೋಸ್ಟಿಲ್ ಮೊಹರು ಸಾಕು. ಓಮನ್, ಬಹ್ರೈನ್, ಸೌದಿ ಅರೇಬಿಯಾ ಅದರಲ್ಲಿವೆ. ಯುಎಇ ಮತ್ತು ಕುವೈತಿಗೆ ಹೋಗುವವರು ಆ ದೇಶದ ರಾಯಭಾರ ಕಚೇರಿಯ ಮೊಹರನ್ನೂ ಹಾಕಿಸಬೇಕಾಗಿ ಬಂದಿದೆ. ಕೇರಳದವರಿಗೆ ಈ ಕೆಲಸಕ್ಕೆ ನೋರ್ಕಾ ಕಚೇರಿಯ ಸಹಾಯ ಸಿಗುತ್ತದೆ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ತಿಂಗಳು ಆಯಾ ದೇಶದ ಸರಕಾರಿ ಜಾಲತಾಣವನ್ನೇ ನೋಡಿ.

ಮದುವೆ ನಿಶ್ಚಯವಾದವರು ಗುರುಮನೆಗೆ ಹೆಸರು ಬರೆಸಲು ಬರುವಾಗ ಇಬ್ಬರ ಪಾಸ್‌ಪೋರ್ಟನ್ನೂ ತನ್ನಿ. ಜ್ಞಾನಸ್ನಾನದ ದಾಖಲೆಯಲ್ಲಿರುವ ಹೆಸರಿನೊಂದಿಗೆ ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಆಗಲೇ ಹೇಳಿ. ರಿಜಿಸ್ಟರಿನಲ್ಲಿ ಸಹಿ ಬಿದ್ದ ಮೇಲೆ ತಿದ್ದುವುದಕ್ಕೆ ಹಿಡಿಯುವ ಸಮಯ ಬೇರೆ.